ಕಬ್ಬಿನ ಸಿಹಿಯನ್ನು ಬೆಳಕು ಅಳೆಯುವ ಬಗೆ

ಕಬ್ಬು ಅರೆಯುವ ಹಂಗಾಮು ಬಂತೆಂದರೆ ಶ್ರೀರಂಗಪಟ್ಟಣದ ನಾಲಾ ಬಯಲಿನಲ್ಲೂ ನಾಗಮಂಗಲದ ಕೊಳವೆಬಾವಿ ಗದ್ದೆಯಲ್ಲೂ ರೈತರು ಕೇಳುವುದು ಒಂದೇ: ‘ಇಳುವರಿ ಎಷ್ಟು?’ ನೂರು ಕೆ.ಜಿ. ಕಬ್ಬಿಗೆ ಎಷ್ಟು ಕೆ.ಜಿ. ಸಕ್ಕರೆ ಬಂತು ಎಂಬುದೇ ಈ ಲೆಕ್ಕ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಶೇ 10.25 ಇಳುವರಿಗೆ ಕ್ವಿಂಟಾಲ್‌ಗೆ ₹355 ನಿಗದಿ ಮಾಡಿದೆ. ಅದರ ಮೇಲೆ ಏರುವ ಪ್ರತಿ ಶೇ 0.1ಕ್ಕೆ ₹3.46 ಹೆಚ್ಚು. ಪಾಂಡವಪುರ ಇರಲಿ, ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿ ಇರಲಿ, ಸಕ್ಕರೆ ಕಾರ್ಖಾನೆ ಎಂದ ಮೇಲೆ ರಸದ ಸಿಹಿಯನ್ನು ಅಳೆಯಲು ಪೋಲಾರಿಮೀಟರ್ ಬೇಕೇ ಬೇಕು.

ಎಡಗೈ ಬಲಗೈ ಒಂದರ ಪ್ರತಿಬಿಂಬ ಇನ್ನೊಂದು. ಆದರೂ ಒಂದರ ಮೇಲೊಂದು ಸರಿಯಾಗಿ ಕೂರವು. ಸಕ್ಕರೆಯ ಅಣುವೂ ಇಂಥದ್ದೇ, ಕೈರಲ್ ಅಣು. ಒಂದೇ ಸಮತಲದಲ್ಲಿ ಕಂಪಿಸುವಂತೆ ಸೋಸಿದ ಬೆಳಕನ್ನು ಸಕ್ಕರೆ ನೀರಿನೊಳಗೆ ಹಾಯಿಸಿದರೆ ಆ ಸಮತಲ ಬಲಕ್ಕೆ ತಿರುಗುತ್ತದೆ. ಸಕ್ಕರೆ ಹೆಚ್ಚಿದಷ್ಟೂ ತಿರುವು ಹೆಚ್ಚು. ಪೋಲಾರಿಮೀಟರ್ ಅಳೆಯುವುದು ಈ ತಿರುವನ್ನೇ. ಸಾವಯವ ದ್ರಾವಣಗಳ ಈ ಗುಣವನ್ನು ಫ್ರಾನ್ಸಿನ ವಿಜ್ಞಾನಿ ಬಿಯೊ 1815ರಲ್ಲಿ ಕಂಡುಕೊಂಡರು.

ಅಳತೆ ಹೀಗೆ: 26 ಗ್ರಾಂ ಶುದ್ಧ ಸಕ್ಕರೆಯನ್ನು 100 ಮಿ.ಲೀ. ದ್ರಾವಣ ಮಾಡಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 200 ಮಿ.ಮೀ. ಉದ್ದದ ಕೊಳವೆಗೆ ತುಂಬಬೇಕು. ಸೋಡಿಯಂ ದೀಪದ ಹಳದಿ ಬೆಳಕು ಅದರಲ್ಲಿ ಸುಮಾರು 34.6 ಡಿಗ್ರಿ ತಿರುಗುತ್ತದೆ. ಸಕ್ಕರೆಯ ಮಾಪಕದಲ್ಲಿ ಅದೇ 100. ಕಬ್ಬಿನ ರಸವನ್ನು ತಿಳಿಗೊಳಿಸಿ, ಸೋಸಿ ಇದೇ ರೀತಿ ಅಳೆದಾಗ ಸಿಗುವುದು ‘ಪೋಲ್’. ರಸದಲ್ಲಿ ಕರಗಿದ ಒಟ್ಟು ಘನಾಂಶ ‘ಬ್ರಿಕ್ಸ್’. ಬ್ರಿಕ್ಸ್ 18, ಪೋಲ್ 15.3 ಇದ್ದರೆ ರಸದ ಶುದ್ಧತೆ ಶೇ 85. ಬ್ರಿಕ್ಸ್ ಒಂದನ್ನೇ ನೋಡಿ ಕಬ್ಬು ಮಾಗಿದೆ ಎನ್ನಲಾಗದು.

ಕಡಿದ ಕಬ್ಬು ಬಿಸಿಲಲ್ಲಿ ಬಿದ್ದರೆ ಸಕ್ಕರೆ ಒಡೆದು ಗ್ಲುಕೋಸ್, ಫ್ರಕ್ಟೋಸ್ ಆಗುತ್ತದೆ. ಗ್ಲುಕೋಸ್ ಬೆಳಕನ್ನು ಬಲಕ್ಕೆ ತಿರುಗಿಸಿದರೆ, ಫ್ರಕ್ಟೋಸ್ ಅದಕ್ಕಿಂತ ಜೋರಾಗಿ ಎಡಕ್ಕೆಳೆಯುತ್ತದೆ. ಪೋಲ್ ಇಳಿಯುತ್ತದೆ. ಆ ರಸ ನಾಲಿಗೆಗೆ ಸಿಹಿಯೇ, ಆದರೆ ಒಡೆದ ಸಕ್ಕರೆ ಹರಳುಗಟ್ಟದು.

ಬೆಲ್ಲದಲ್ಲಿ ಈ ಮೂರೂ ಬೆರೆತಿರುವುದರಿಂದ ಒಂದು ಅಳತೆ ಸಾಲದು. ಮೊದಲು ಒಮ್ಮೆ ಅಳೆದು, ಆಮ್ಲ ಹಾಕಿ ಸಕ್ಕರೆಯನ್ನೆಲ್ಲ ಒಡೆಸಿ, ಮತ್ತೆ ಅಳೆಯುತ್ತಾರೆ. ಎರಡರ ಅಂತರದಿಂದ ನಿಜವಾದ ಸಕ್ಕರೆ ಅಂಶ ತಿಳಿಯುತ್ತದೆ. ಆದರೆ ಆಲೆಮನೆಯಲ್ಲಿ ಬೆಲ್ಲಕ್ಕೆ ಅಂಗಡಿ ಸಕ್ಕರೆ ಬೆರೆಸಿದ್ದರೆ ಪೋಲಾರಿಮೀಟರ್ ಅದನ್ನು ಬೇರ್ಪಡಿಸಿ ತೋರಿಸದು. ಎರಡೂ ಒಂದೇ ಅಣು.

ಆಹಾರಕ್ಕೆ ಸೇರಿಸುವ ಇತರ ಪದಾರ್ಥಗಳಿಗೂ ಈ ಎಡ-ಬಲ ಮುಖ್ಯ. ಕೃತಕ ಸಿಹಿ ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ. ಅದರಲ್ಲಿರುವ ಒಂದು ಅಮೈನೋ ಆಮ್ಲ ಮಗ್ಗುಲು ಬದಲಿಸಿದರೆ ಸಿಹಿ ಹೋಗುತ್ತದೆ. ಎಡಕ್ಕೂ ಬಲಕ್ಕೂ ಸುರುಳಿ ಸುತ್ತುವ ಬೆಳಕಿನಲ್ಲಿ ಅಣು ಯಾವುದನ್ನು ಹೆಚ್ಚು ಹೀರುತ್ತದೆಂದು ತರಂಗಾಂತರ ಬದಲಿಸುತ್ತ ನೋಡುವ ರೋಹಿತ ವಿಧಾನ, ಇಂಥ ಅಣುಗಳ ರಚನೆ ತಿಳಿಯಲು ನೆರವಾಗುತ್ತದೆ.

ಕಬ್ಬಿನ ರಸದ ಪೋಲ್ ಅಳತೆಯಿಂದ ರೈತರಿಗೆ ಸಿಗುವ ಪಾಠ ಸ್ಪಷ್ಟ. ಕಬ್ಬು ಮಾಗಿದ ಮೇಲೆ ಕಡಿಯಿರಿ, 24 ಗಂಟೆಯೊಳಗೆ ಸಾಗಿಸಲು ನೋಡಿ. ಲಾರಿ ತಡವಾದರೆ ನೆರಳಲ್ಲಿ ಪೇರಿಸಿ, ತರಗು ಹೊದಿಸಿ, ನೀರು ಚಿಮುಕಿಸಿ. ಕಾರ್ಖಾನೆಯವರು ಪರ್ಮಿಟ್ ಕೊಡುವಾಗಲೇ ಈ ಕಾಲಮಿತಿಯನ್ನು ಗಮನಿಸಬೇಕು. ತಡವಾದ ಪ್ರತಿ ದಿನದ ನಷ್ಟ ಇಬ್ಬರದ್ದೂ.