‘ಹೈಪರ್‌ಟೆನ್ಶನ್’ ಅಂದರೆ ಟೆನ್ಶನ್ ಜಾಸ್ತಿ ಅಂತಲಾ? ಡಾಕ್ಟರ್ ಹೇಳುವ ಪದ, ನಾವು ಮಾಡಿಕೊಳ್ಳುವ ಅರ್ಥ

"ನನಗೇನೂ ಟೆನ್ಶನ್ ಇಲ್ಲ. ಮಕ್ಕಳು ಒಂದು ದಡ ಸೇರಿದ್ದಾರೆ, ಸಾಲ ತೀರಿದೆ. ಇನ್ನು ಬಿಪಿ ಮಾತ್ರೆ ಯಾಕೆ?"

ಈ ಮಾತನ್ನು ನಮ್ಮಲ್ಲಿ ಹಲವರು ಮನೆಯಲ್ಲೇ ಕೇಳಿರುತ್ತೇವೆ. ಚೀಟಿಯಲ್ಲಿ ‘ಹೈಪರ್‌ಟೆನ್ಶನ್’ ಎಂದಿರುತ್ತದೆ. ನಾವು ಅದನ್ನು ಮನಸ್ಸಿನ ಟೆನ್ಶನ್ ಎಂದುಕೊಳ್ಳುತ್ತೇವೆ. ಮನಸ್ಸಿಗೆ ನೆಮ್ಮದಿ ಸಿಕ್ಕ ಮೇಲೆ ಮಾತ್ರೆ ಬಿಡುತ್ತೇವೆ. "ಚಿಂತೆ ಬಿಡಿ, ಬಿಪಿ ತಾನಾಗಿ ಹೋಗುತ್ತದೆ" ಎಂಬಂಥ ಮೆಸೇಜ್ ಬಂದರೆ ಧೈರ್ಯ ಇನ್ನೂ ಹೆಚ್ಚುತ್ತದೆ.

ನಿಜ ಏನು?

ಇಲ್ಲಿರುವ ‘ಟೆನ್ಶನ್’ ಎಂದರೆ ಚಿಂತೆಯಲ್ಲ. ಎಳೆತ, ಬಿಗಿತ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದು ಬಂದಿದೆ. ‘ಹೈಪರ್’ ಗ್ರೀಕ್ ಪದ, ಹೆಚ್ಚು ಎಂದರ್ಥ. ರಕ್ತನಾಳದ ಗೋಡೆಯ ಮೇಲೆ ರಕ್ತ ಹಾಕುವ ಒತ್ತಡ ಹೆಚ್ಚಾಗಿದೆ ಎನ್ನುವುದಷ್ಟೇ ಇದರ ಅರ್ಥ. ಬೇರೆ ಬೇರೆ ದಿನ ಅಳೆದಾಗಲೂ ಮೇಲಿನ ಅಂಕಿ 140 ಅಥವಾ ಕೆಳಗಿನ ಅಂಕಿ 90 ಇದ್ದರೆ, ಇಲ್ಲವೇ ಅದಕ್ಕಿಂತ ಹೆಚ್ಚಿದ್ದರೆ, ಸಾಮಾನ್ಯವಾಗಿ ಈ ಹೆಸರು ಕೊಡುತ್ತಾರೆ.

ಗಾಬರಿಯಾದಾಗ ಬಿಪಿ ಸ್ವಲ್ಪ ಹೊತ್ತು ಏರುವುದು ನಿಜ. ಆದರೆ ವಯಸ್ಸು, ವಂಶ, ಉಪ್ಪು, ದೇಹದ ತೂಕ ಇವೆಲ್ಲವೂ ಕಾರಣವಾಗುತ್ತವೆ. ಆರಾಮಾಗಿ ನಗುನಗುತ್ತಾ ಇರುವವರಿಗೂ ಬಿಪಿ ಬರುತ್ತದೆ. ಹೆಚ್ಚಿನವರಿಗೆ ಯಾವ ಲಕ್ಷಣವೂ ಕಾಣಿಸುವುದಿಲ್ಲ. ಅದು ಒಳಗೊಳಗೇ ಹೃದಯ, ಮೆದುಳು, ಕಿಡ್ನಿಗೆ ಪೆಟ್ಟು ಕೊಡುತ್ತಿರುತ್ತದೆ. ಆದ್ದರಿಂದ "ಚೆನ್ನಾಗಿದ್ದೇನೆ" ಎಂದು ಮಾತ್ರೆ ನಿಲ್ಲಿಸಬೇಡಿ. ಕಡಿಮೆ ಮಾಡುವುದೋ ಬಿಡುವುದೋ, ಡಾಕ್ಟರನ್ನು ಕೇಳಿಯೇ ಮಾಡಿ.

‘ಹಾರ್ಟ್ ಫೇಲ್’ ಅಂದರೆ ಎಲ್ಲ ಮುಗಿಯಿತೇ?

ನಮ್ಮ ಆಡುಮಾತಿನಲ್ಲಿ "ಹಾರ್ಟ್ ಫೇಲ್ ಆಯ್ತು" ಎಂದರೆ ತೀರಿಕೊಂಡರು ಎಂದೇ ಅರ್ಥ. ಹಾಗಾಗಿ ರಿಪೋರ್ಟ್‌ನಲ್ಲಿ ‘ಹಾರ್ಟ್ ಫೇಲ್ಯೂರ್’ ಎಂದು ಓದಿದರೆ ಕೈಕಾಲು ನಡುಗುತ್ತದೆ. ವೈದ್ಯರ ಭಾಷೆಯಲ್ಲಿ ಮೂರು ಬೇರೆ ಬೇರೆ ಪದಗಳಿವೆ:

• ಹಾರ್ಟ್ ಫೇಲ್ಯೂರ್: ಹೃದಯ ನಿಂತಿಲ್ಲ, ದೇಹಕ್ಕೆ ಬೇಕಾದಷ್ಟು ರಕ್ತ ಪಂಪ್ ಮಾಡಲು ಆಗುತ್ತಿಲ್ಲ. ಕಾಲು ಊತ, ಮಲಗಿದರೆ ಉಸಿರು ಕಟ್ಟುವುದು ಇದರ ಲಕ್ಷಣಗಳು. ಔಷಧಿ ತೆಗೆದುಕೊಂಡು ವರ್ಷಗಟ್ಟಲೆ ಬಾಳುವವರಿದ್ದಾರೆ.
• ಹಾರ್ಟ್ ಅಟ್ಯಾಕ್: ಹೃದಯಕ್ಕೇ ರಕ್ತ ಕೊಡುವ ನಾಳ ಕಟ್ಟಿಕೊಂಡಿದೆ. ಕೂಡಲೇ ಆಸ್ಪತ್ರೆಗೆ ಹೋಗಬೇಕು.
• ಕಾರ್ಡಿಯಾಕ್ ಅರೆಸ್ಟ್: ಹೃದಯದ ಬಡಿತವೇ ನಿಂತಿದೆ. ವ್ಯಕ್ತಿ ಕುಸಿದು ಬೀಳುತ್ತಾರೆ. ತಕ್ಷಣ 108ಕ್ಕೆ ಕರೆ ಮಾಡಿ, ಎದೆಯ ನಡುವೆ ಒತ್ತಲು ಶುರುಮಾಡಬೇಕು.

"ಹಾರ್ಟ್ ಅಟ್ಯಾಕ್ ಆದಾಗ ಜೋರಾಗಿ ಕೆಮ್ಮುತ್ತಾ ಇರಿ, ಬದುಕುತ್ತೀರಿ" ಎಂಬ ಹಳೆಯ ಫಾರ್ವರ್ಡ್ ಈ ಪದಗಳನ್ನೇ ಕಲಸುಮೇಲೋಗರ ಮಾಡುತ್ತದೆ. ಕಟ್ಟಿದ ನಾಳ ಕೆಮ್ಮಿದರೆ ತೆರೆಯುವುದಿಲ್ಲ. ಬಡಿತ ನಿಂತವರು ಪ್ರಜ್ಞೆ ತಪ್ಪಿರುತ್ತಾರೆ, ಕೆಮ್ಮುವುದಾದರೂ ಹೇಗೆ? ಕೆಮ್ಮುತ್ತಾ ಕೂತರೆ ಹೊತ್ತು ಹಾಳು, ಅಷ್ಟೇ.

‘ಹೈಪರ್’ ಮತ್ತು ‘ಹೈಪೋ’

ಕೇಳಲು ಒಂದೇ ಥರ, ಅರ್ಥ ಪೂರ್ತಿ ಉಲ್ಟಾ. ‘ಹೈಪೋ’ ಎಂದರೆ ಕಡಿಮೆ. ಹೈಪೋಥೈರಾಯ್ಡ್ ಇದ್ದವರಿಗೆ ಸುಸ್ತು, ಚಳಿ, ತೂಕ ಏರುವುದು. ಹೈಪರ್‌ಥೈರಾಯ್ಡ್ ಇದ್ದವರಿಗೆ ಬೆವರು, ಎದೆಬಡಿತ, ತೂಕ ಇಳಿಯುವುದು. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಅಪಾಯ. "ಥೈರಾಯ್ಡ್‌ಗೆ ರಾಮಬಾಣ" ಎಂಬ ಮೆಸೇಜ್ ಬಂದರೆ ಮೊದಲು ಕೇಳಿ: ಯಾವ ಥೈರಾಯ್ಡ್‌ಗೆ?

ಹೆದರಿಸುವ ಪದಗಳು

‘ಅಕ್ಯೂಟ್’ ಎಂದರೆ ವಿಪರೀತ ಎಂದಲ್ಲ, ಇದ್ದಕ್ಕಿದ್ದಂತೆ ಶುರುವಾದದ್ದು. ‘ಕ್ರಾನಿಕ್’ ಎಂದರೆ ಬಹುಕಾಲದಿಂದ ಇರುವುದು. ಕೊನೆಯಲ್ಲಿ ‘ಐಟಿಸ್’ ಬಂದರೆ ಆ ಭಾಗದಲ್ಲಿ ಉರಿಯೂತ. ‘ಅಕ್ಯೂಟ್ ನೇಸೋಫ್ಯಾರಿಂಜೈಟಿಸ್’ ಎಂದು ಕಂಡು ಬೆಚ್ಚಬೇಡಿ, ಅದು ನಮ್ಮ ಮಾಮೂಲಿ ನೆಗಡಿ! ಸ್ಕ್ಯಾನಿಂಗ್ ರಿಪೋರ್ಟ್‌ನಲ್ಲಿ ‘ಅನ್‌ರಿಮಾರ್ಕಬಲ್’ ಎಂದಿದ್ದರೆ ಆ ಭಾಗದಲ್ಲಿ ತೊಂದರೆ ಕಂಡಿಲ್ಲ ಎಂದರ್ಥ.

ನಾವು ಏನು ಮಾಡಬಹುದು?

ವೈದ್ಯಕೀಯ ನಿಘಂಟು ಪದದ ಅರ್ಥ ಹೇಳುತ್ತದೆ, ನಿಮ್ಮ ದೇಹದ ಸ್ಥಿತಿಯನ್ನಲ್ಲ. ಆದ್ದರಿಂದ ಡಾಕ್ಟರ ಎದುರು ಸಂಕೋಚ ಬಿಟ್ಟು ಮೂರು ಪ್ರಶ್ನೆ ಕೇಳಿ: ಇದನ್ನು ಕನ್ನಡದಲ್ಲಿ ಹೇಗೆ ಹೇಳುವುದು? ಮಾತ್ರೆ ಎಷ್ಟು ದಿನ? ಏನಾದರೆ ಕೂಡಲೇ ಬರಬೇಕು? ನಂತರ ನಿಮಗೆ ಅರ್ಥವಾದದ್ದನ್ನು ನಿಮ್ಮ ಮಾತಿನಲ್ಲೇ ಅವರಿಗೆ ಹೇಳಿ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ.

ಮನೆಯಲ್ಲಿ ಯಾರಾದರೂ "ಟೆನ್ಶನ್ ಇಲ್ಲ" ಎಂದು ಬಿಪಿ ಮಾತ್ರೆ ಬಿಟ್ಟಿದ್ದಾರಾ? ಇವತ್ತೇ ಒಮ್ಮೆ ಕೇಳಿ ನೋಡಿ. ಈ ಲೇಖನವನ್ನು ಮೊದಲು ಅವರಿಗೆ ಕಳಿಸಿ.