ಇಪ್ಪತ್ತು ಜೌಲ್‌ನ ಗೆರೆ

ಪೀಣ್ಯದ ಶೆಡ್ಡಿನಲ್ಲಿ ಲೇತ್ ಮುಂದೆ ನಿಂತ ಟರ್ನರ್‌ಗೆ ಡ್ರಾಯಿಂಗ್‌ನಲ್ಲಿ ಬರೀ ‘20 ಮಿ.ಮೀ.’ ಎಂದು ಬರೆದುಕೊಟ್ಟರೆ ಆತ ಕೆಲಸಕ್ಕೆ ಕೈಹಾಕುವುದಿಲ್ಲ. ‘ಟಾಲರೆನ್ಸ್ ಎಷ್ಟು ಸಾರ್?’ ಎಂದು ಕೇಳುತ್ತಾನೆ. ಹೆಚ್ಚೆಂದರೆ ಎಷ್ಟು, ಕಡಿಮೆಯೆಂದರೆ ಎಷ್ಟು ಎಂದು ಗೊತ್ತಾಗದೆ ಅವನ ಪಾಲಿಗೆ ಆ 20ಕ್ಕೆ ಅರ್ಥವಿಲ್ಲ. ಏರ್ ರೈಫಲ್ ಬಗ್ಗೆ ನಮ್ಮ ಕಾನೂನಿನಲ್ಲೂ ಒಂದು 20 ಇದೆ. ಅದಕ್ಕೆ ಟಾಲರೆನ್ಸ್ ಇಲ್ಲ.

2016ರ ಶಸ್ತ್ರಾಸ್ತ್ರ ನಿಯಮಗಳು ಹೇಳುವುದು ಇಷ್ಟು: ನಳಿಕೆಯ ಒಳವ್ಯಾಸ 4.5 ಮಿ.ಮೀ. ಮೀರದೆ, ಪೆಲೆಟ್ ನಳಿಕೆಯ ಬಾಯಿ ದಾಟುವ ಕ್ಷಣದಲ್ಲಿ ಅದರ ಶಕ್ತಿ 20 ಜೌಲ್ ಮೀರದೆ ಇದ್ದರೆ ಆ ಗಾಳಿಬಂದೂಕಿಗೆ ಲೈಸೆನ್ಸ್ ಬೇಡ. ಎರಡರಲ್ಲಿ ಒಂದು ಮೀರಿದರೂ ಬೇಕು. ಅದೇ ನಿಯಮದಲ್ಲಿ 20 ಜೌಲ್‌ನ ಪಕ್ಕದಲ್ಲೇ ‘15 ಫುಟ್-ಪೌಂಡ್’ ಎಂದೂ ಇದೆ. ಲೆಕ್ಕ ಹಾಕಿದರೆ 15 ಫುಟ್-ಪೌಂಡ್ ಎಂದರೆ 20.3 ಜೌಲ್. ಎರಡು ಗೆರೆಗಳ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟ ಹಾಗಾಯಿತು. ಬುದ್ಧಿವಂತರು ಆ ಸಂದಿನಲ್ಲಿ ನಿಲ್ಲಲು ಹೋಗುವುದಿಲ್ಲ.

ಹಿಂದಿನ ನಿಯಮಗಳ ಕಾಲದಲ್ಲಿ ಜೌಲ್ ಗೀಲ್ ಇರಲಿಲ್ಲ. ನಿಗದಿತ ದಪ್ಪದ ಹಲಗೆಯನ್ನು ಹತ್ತಿರದಿಂದ ಹೊಡೆದಾಗ ಪೆಲೆಟ್ ತೂರಿ ಹೋಗುತ್ತದೆಯೇ ಎಂಬುದೇ ಪರೀಕ್ಷೆ. ಮರದ ಜಾತಿ, ತೇವ, ಎಳೆ ಇವೆಲ್ಲ ಅದರಲ್ಲಿ ಬೆರೆತುಹೋಗುತ್ತಿದ್ದವು. ಶಕ್ತಿಯನ್ನೇ ಅಳೆಯುವುದು ಅದಕ್ಕಿಂತ ಎಷ್ಟೋ ವಾಸಿ. ಆದರೆ ಅಳೆಯಲು ಹೊರಟ ಮೇಲೆ ಗೊತ್ತಾಗುತ್ತದೆ, ಈ 20 ಜೌಲ್ ಬಂದೂಕಿನ ಮೈಮೇಲೆ ಕೊರೆದಿಟ್ಟ ಗುಣವಲ್ಲ ಎಂದು. ಪೆಲೆಟ್ಟು, ಗಾಳಿ, ಎಣ್ಣೆ, ಊರಿನ ಎತ್ತರ ಎಲ್ಲಕ್ಕೂ ಅದರಲ್ಲಿ ಪಾಲಿದೆ.

ಹೈಸ್ಕೂಲಿನ ಸೂತ್ರವೇ ಸಾಕು. ಚಲನ ಶಕ್ತಿ ಎಂದರೆ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ್ದು. ಸ್ಪರ್ಧೆಗಳಲ್ಲಿ ಬಳಸುವ ಸೀಸದ ಪೆಲೆಟ್ ಸುಮಾರು 0.53 ಗ್ರಾಂ ತೂಗುತ್ತದೆ. ಅದು 20 ಜೌಲ್ ಮುಟ್ಟಬೇಕಾದರೆ ಸೆಕೆಂಡಿಗೆ ಸುಮಾರು 275 ಮೀಟರ್ ವೇಗ ಬೇಕು. ಪೆಲೆಟ್ 0.68 ಗ್ರಾಂನದ್ದಾದರೆ 243 ಮೀಟರಿಗೇ ಗೆರೆ ಬಂತು. ಆನ್‌ಲೈನ್ ಜಾಹೀರಾತುಗಳು ಶಕ್ತಿಯ ಮಾತೆತ್ತುವುದಿಲ್ಲ. ‘ಸೆಕೆಂಡಿಗೆ 1000 ಅಡಿ’ ಎಂದು ವೇಗವನ್ನಷ್ಟೇ ದಪ್ಪ ಅಕ್ಷರದಲ್ಲಿ ಕೂಗುತ್ತವೆ. 1000 ಅಡಿ ಎಂದರೆ 305 ಮೀಟರ್. 0.33 ಗ್ರಾಂನ ಹಗುರ ಲೋಹದ ಪೆಲೆಟ್ ಈ ವೇಗದಲ್ಲಿ ಹಾರಿದರೆ ಶಕ್ತಿ 15 ಜೌಲ್ ಅಷ್ಟೆ, ಕಾನೂನಿನ ಒಳಗೇ ಇದೆ. 0.53 ಗ್ರಾಂನ ಪೆಲೆಟ್ ಅದೇ ವೇಗದಲ್ಲಿ ಹೊರಟರೆ 24.6 ಜೌಲ್, ಗೆರೆಯ ಆಚೆ. ಹಾಗಾಗಿ ವೇಗದ ಅಂಕಿಯೊಂದನ್ನೇ ಕೊಟ್ಟು ಪೆಲೆಟ್ಟಿನ ತೂಕ ಹೇಳದ ಜಾಹೀರಾತಿನಿಂದ ಏನೂ ತಿಳಿಯುವುದಿಲ್ಲ. ತೂಕ ಡಬ್ಬಿಯ ಮೇಲೆ ‘ಗ್ರೇನ್’ ಲೆಕ್ಕದಲ್ಲಿರುತ್ತದೆ. ಒಂದು ಗ್ರೇನ್ ಎಂದರೆ 64.8 ಮಿಲಿಗ್ರಾಂ.

ಇನ್ನೊಂದು ತೊಡಕೂ ಇದೆ. ಪೆಲೆಟ್ ಬದಲಾದರೆ ಬಂದೂಕು ಅದಕ್ಕೆ ಕೊಡುವ ಶಕ್ತಿಯೂ ಬದಲಾಗುತ್ತದೆ. ಸಿಲಿಂಡರಿನಲ್ಲಿ ಮೊದಲೇ ಒತ್ತಿ ತುಂಬಿದ ಗಾಳಿಯಿಂದ ನಡೆಯುವ, ಪಿಸಿಪಿ ಎಂದು ಕರೆಯುವ ಬಂದೂಕುಗಳು ಸಾಮಾನ್ಯವಾಗಿ ಭಾರದ ಪೆಲೆಟ್ಟಿಗೆ ಹೆಚ್ಚು ಶಕ್ತಿ ಕೊಡುತ್ತವೆ. ಪೆಲೆಟ್ ನಳಿಕೆಯಲ್ಲಿ ಹೆಚ್ಚು ಹೊತ್ತು ಇರುವುದರಿಂದ ಗಾಳಿ ಅದನ್ನು ಹೆಚ್ಚು ಹೊತ್ತು ತಳ್ಳುತ್ತದೆ. ಸ್ಪ್ರಿಂಗ್ ತಳ್ಳಿದ ಪಿಸ್ಟನ್ ಗಾಳಿಯನ್ನು ಆ ಕ್ಷಣದಲ್ಲೇ ಒತ್ತುವ ಸ್ಪ್ರಿಂಗ್ ಬಂದೂಕಿನಲ್ಲಿ ಅನೇಕ ಸಲ ಇದು ತಿರುಗಾಮುರುಗಾ. ಒಂದು ಡಬ್ಬಿಯ ಪೆಲೆಟ್ಟಿನಲ್ಲಿ ಕಾನೂನಿನೊಳಗಿದ್ದ ಬಂದೂಕು ಇನ್ನೊಂದು ಡಬ್ಬಿಯಲ್ಲಿ ಹೊರಬೀಳಬಹುದು.

ಹಾರುವ ಗುಂಡಿನ ವೇಗವನ್ನು ಮೊದಲು ನೆಟ್ಟಗೆ ಅಳೆದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. 1742ರಲ್ಲಿ ಅವನು ಪ್ರಕಟಿಸಿದ ಉಪಾಯ ಸರಳವಾದದ್ದು: ತೂಗಾಡುವ ಮರದ ದಿಮ್ಮಿಗೆ ಗುಂಡು ಹೊಡೆ, ದಿಮ್ಮಿ ಎಷ್ಟು ಹಿಂದೆ ಸರಿಯಿತು ನೋಡು. ಆತ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ನಮ್ಮ ಕಡೆಗೇ ಬಂದು, ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ 1751ರಲ್ಲಿ ತೀರಿಕೊಂಡ. ನಮ್ಮ 20 ಜೌಲ್ ಪೆಲೆಟ್ಟಿಗೆ ಅವನ ಲೆಕ್ಕ ಹಚ್ಚೋಣ. ಒಂದು ಮೀಟರ್ ದಾರಕ್ಕೆ ಕಟ್ಟಿದ ಅರ್ಧ ಕಿಲೋ ದಿಮ್ಮಿಗೆ 0.53 ಗ್ರಾಂನ ಪೆಲೆಟ್ ನಾಟಿದರೆ ದಿಮ್ಮಿ ಸುಮಾರು 9.3 ಸೆಂ.ಮೀ. ಸರಿಯುತ್ತದೆ. ಸೋಜಿಗವೆಂದರೆ ಪೆಲೆಟ್ ತಂದ 20 ಜೌಲ್‌ನಲ್ಲಿ ದಿಮ್ಮಿಯನ್ನು ತೂಗಿಸಿದ್ದು ಸಾವಿರದಲ್ಲೊಂದು ಪಾಲು ಮಾತ್ರ. ಉಳಿದದ್ದೆಲ್ಲ ಮರ ಸೀಳುವುದಕ್ಕೆ, ಸೀಸ ಚಪ್ಪಟೆಯಾಗುವುದಕ್ಕೆ, ಬಿಸಿಗೆ ಹೋಯಿತು.

ಈಗ ಕ್ರೋನೋಗ್ರಾಫ್ ಇದೆ. ಎರಡು ಬೆಳಕಿನ ಸೆನ್ಸರ್‌ಗಳು, ನಡುವೆ ಗೊತ್ತಿರುವ ಅಂತರ, ಒಂದು ಗಡಿಯಾರ. ಅಂತರ 30 ಸೆಂ.ಮೀ. ಇದ್ದರೆ 270 ಮೀಟರ್ ವೇಗದ ಪೆಲೆಟ್ ಅದನ್ನು 1.1 ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ಸೆನ್ಸರ್ ನೋಡುವುದು ಪೆಲೆಟ್ಟಿನ ನೆರಳನ್ನು. ಶೆಡ್ಡಿನ ಟ್ಯೂಬ್‌ಲೈಟ್ ನಮ್ಮ 50 ಹರ್ಟ್ಸ್ ಕರೆಂಟಿಗೆ ಸೆಕೆಂಡಿಗೆ ನೂರು ಸಲ ಮಿನುಗುವುದರಿಂದ ಉಪಕರಣ ಅದನ್ನೇ ಪೆಲೆಟ್ ಎಂದು ಭ್ರಮಿಸುವುದುಂಟು. ವೇಗದಲ್ಲಿ ಶೇ 1ರಷ್ಟು ತಪ್ಪಾದರೆ ಶಕ್ತಿಯಲ್ಲಿ ಶೇ 2ರಷ್ಟು ತಪ್ಪು, ಏಕೆಂದರೆ ವೇಗದ್ದು ವರ್ಗ. ಗೆರೆಯ ಹತ್ತಿರ ಅದು 0.4 ಜೌಲ್. ಜೊತೆಗೆ ಹೊಡೆತದಿಂದ ಹೊಡೆತಕ್ಕೆ ಏರುಪೇರು ಬೇರೆ. ನನ್ನನ್ನು ಕೇಳಿದರೆ, ಉಪಕರಣ 18 ಜೌಲ್‌ಗಿಂತ ಹೆಚ್ಚು ತೋರಿಸಿದ ಬಂದೂಕನ್ನು ಗೆರೆಯೊಳಗಿದೆ ಎಂದು ನಂಬುವುದು ದುಡುಕು.

ಬೆಂಗಳೂರಿನ ವಿಷಯದಲ್ಲಿ ಎತ್ತರದ ಲೆಕ್ಕವೂ ಸೇರುತ್ತದೆ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ವಾಯು ಒತ್ತಡ ಸುಮಾರು 910 ಹೆಕ್ಟೊಪಾಸ್ಕಲ್, ಮಂಗಳೂರಿಗಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ. ಸ್ಪ್ರಿಂಗ್ ಬಂದೂಕು ತನ್ನ ಗಾಳಿಯನ್ನು ಸುತ್ತಲಿಂದಲೇ ಎಳೆದುಕೊಳ್ಳುತ್ತದೆ. ಗಾಳಿ ತೆಳುವಾದಷ್ಟೂ ಪಿಸ್ಟನ್ ಒತ್ತುವ ಸರಕು ಕಡಿಮೆ, ಸಾಮಾನ್ಯವಾಗಿ ಪೆಲೆಟ್ಟಿನ ವೇಗವೂ ತುಸು ಕಡಿಮೆ. ವೈಟ್‌ಫೀಲ್ಡ್‌ನಲ್ಲಿ ಅಳೆದಾಗ ಗೆರೆಗೆ ತಾಗಿಕೊಂಡಿದ್ದ ಬಂದೂಕು ಮಂಗಳೂರಿಗೆಂದು ಶಿರಾಡಿ ಘಾಟಿ ಇಳಿಯುತ್ತಿದ್ದಂತೆ ಗೆರೆ ದಾಟಲು ಅಡ್ಡಿಯಿಲ್ಲ. ಕಾನೂನಿಗೆ ಮಾತ್ರ ಎರಡೂ ಊರು ಒಂದೇ.

ಪಿಸಿಪಿಗೆ ಎತ್ತರದ ಹಂಗಿಲ್ಲ, ಬಿಸಿಲಿನ ಹಂಗಿದೆ. ವರ್ಕ್‌ಶಾಪಿನ ಕಂಪ್ರೆಸರ್ ಏಳೆಂಟು ಬಾರ್ ಒತ್ತಡಕ್ಕೆ ನಿಂತರೆ ಈ ಸಿಲಿಂಡರುಗಳಲ್ಲಿ 200 ಬಾರ್ ಇರುತ್ತದೆ. 20 ಡಿಗ್ರಿಯಲ್ಲಿ 200 ಬಾರ್ ತುಂಬಿಸಿ, ಕಾರಿನಲ್ಲಿ ಬಿಟ್ಟು 40 ಡಿಗ್ರಿಗೆ ಕಾಯಲು ಬಿಟ್ಟರೆ 213 ಬಾರ್ ದಾಟುತ್ತದೆ. ಒತ್ತಡ ಜಾಸ್ತಿಯಾದರೆ ಶಕ್ತಿಯೂ ಜಾಸ್ತಿ ಎಂದುಕೊಂಡರೆ ಅದೂ ಪೂರ್ತಿ ನಿಜವಲ್ಲ. ಒತ್ತಡವನ್ನು ಒಂದೇ ಮಟ್ಟದಲ್ಲಿಡುವ ರೆಗ್ಯುಲೇಟರ್ ಇಲ್ಲದ ಬಂದೂಕಿನಲ್ಲಿ ಒತ್ತಡ ತೀರಾ ಹೆಚ್ಚಿದ್ದಾಗ ಕವಾಟ ಸರಿಯಾಗಿ ತೆರೆಯುವುದೇ ಇಲ್ಲ. ಹೊಡೆಯುತ್ತಾ ಹೋಗಿ ಒತ್ತಡ ಸ್ವಲ್ಪ ಇಳಿದ ಮೇಲೆ ವೇಗ ಏರಿ ನೆತ್ತಿ ಮುಟ್ಟಿ ಆಮೇಲೆ ಬೀಳುತ್ತದೆ. ಸಿಲಿಂಡರ್ ತುಂಬಿದ ಕೂಡಲೇ ಮೂರು ಹೊಡೆತ ಅಳೆದು ‘ಒಳಗಿದೆ’ ಎಂದವರು ನೆತ್ತಿಯನ್ನು ನೋಡಿಯೇ ಇರುವುದಿಲ್ಲ.

ಎಣ್ಣೆಯ ಕತೆ ಇನ್ನೂ ಸ್ವಾರಸ್ಯವಾಗಿದೆ. ಸ್ಪ್ರಿಂಗ್ ಬಂದೂಕಿನ ಪಿಸ್ಟನ್ ಕೆಲವೇ ಮಿಲಿಸೆಕೆಂಡುಗಳಲ್ಲಿ ಗಾಳಿಯನ್ನು ಹಿಂಡುತ್ತದೆ. ಬಿಸಿ ಹೊರಹೋಗಲು ಪುರಸೊತ್ತಿಲ್ಲ, ಗಾಳಿ ನೂರಾರು ಡಿಗ್ರಿ ಕಾಯುತ್ತದೆ. ಒಳಗೆ ಎಣ್ಣೆ ಇದ್ದರೆ ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಹೊತ್ತಿಕೊಳ್ಳುತ್ತದೆ. ಗಾಳಿಬಂದೂಕಿನ ಮೇಲೆ ಪ್ರಯೋಗ ನಡೆಸಿದ ಇಂಗ್ಲೆಂಡಿನ ಕಾರ್ಡ್ಯೂ ಮತ್ತು ಸಂಗಡಿಗರು ಗಾಳಿಯ ಬದಲು ನೈಟ್ರೋಜನ್ ತುಂಬಿ ಹೊಡೆದು ನೋಡಿದಾಗ ವೇಗ ಗಣನೀಯವಾಗಿ ಕುಸಿಯಿತು. ಮಾಮೂಲಿ ಹೊಡೆತದಲ್ಲೂ ಸ್ವಲ್ಪ ದಹನ ಇದ್ದೇ ಇರುತ್ತದೆ ಎಂದಾಯಿತು. ‘ಸ್ಮೂತ್ ಆಗಲಿ’ ಎಂದು ನಾಲ್ಕು ಹನಿ ಎಣ್ಣೆ ಹೆಚ್ಚಿಗೆ ಬಿಟ್ಟವರ ಬಂದೂಕು ಹೊಗೆಯುಗುಳಿ, ಢಂ ಎಂದು ಸಿಡಿದು, ಮುಂದಿನ ಕೆಲವು ಹೊಡೆತಗಳಲ್ಲಿ ತನಗೇ ಗೊತ್ತಿಲ್ಲದೆ ಕಾನೂನು ಮುರಿಯಬಹುದು. ಸೀಲು ಸುಟ್ಟುಹೋಗುವುದು, ಸ್ಪ್ರಿಂಗ್ ತುಂಡಾಗುವುದು ಬೇರೆ.

ಇಷ್ಟೆಲ್ಲ ಮಾಡಿ ಗೆರೆಗೆ ಮೂಗು ತಾಗಿಸಿಕೊಂಡು ನಿಲ್ಲುವ ಚಪಲವೇ ನನಗೆ ಅರ್ಥವಾಗುವುದಿಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, 2023ರ ಚಾಂಗ್ವಾನ್ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಂಗಳೂರಿನ ತಿಲೋತ್ತಮಾ ಸೇನ್ ಬೆಳ್ಳಿ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. ಆ ರೈಫಲ್‌ಗಳ ಶಕ್ತಿ ಸುಮಾರು 7.5 ಜೌಲ್, ಪೆಲೆಟ್ಟಿನ ವೇಗ ಸೆಕೆಂಡಿಗೆ 170 ಮೀಟರ್ ಆಸುಪಾಸು. ಅಷ್ಟರಲ್ಲೇ ಅವು ಅರ್ಧ ಮಿಲಿಮೀಟರ್ ಅಗಲದ ಚುಕ್ಕೆಯನ್ನು ಹುಡುಕಿಕೊಂಡು ಹೋಗುತ್ತವೆ. ಜರ್ಮನಿಯಲ್ಲಿ ಲೈಸೆನ್ಸ್ ಇಲ್ಲದ ಗಾಳಿಬಂದೂಕಿನ ಮಿತಿಯೂ 7.5 ಜೌಲೇ. ಇಂಗ್ಲೆಂಡಿನಲ್ಲಿ ರೈಫಲ್‌ಗೆ 12 ಫುಟ್-ಪೌಂಡ್, ಅಂದರೆ ಸುಮಾರು 16 ಜೌಲ್. ನಮ್ಮದು ಈ ಎರಡಕ್ಕಿಂತಲೂ ಧಾರಾಳ. ಆದರೂ ಹೆಚ್ಚು ಬಿಗಿಯ ಸ್ಪ್ರಿಂಗ್ ತರಿಸಿ ಹಾಕಿಸಿಕೊಳ್ಳುವವರಿದ್ದಾರೆ. ಬಿಗಿ ಹೆಚ್ಚಿದರೆ ಒದೆತ ಹೆಚ್ಚು, ಒದೆತ ಹೆಚ್ಚಿದರೆ ಗುರಿ ಕೆಡುತ್ತದೆ. 20 ಜೌಲ್ ದಾಟಿದ ಮೇಲಂತೂ ಅದು ಲೈಸೆನ್ಸ್ ಇಲ್ಲದ ಶಸ್ತ್ರ. ಹಾಗೆ ಮಾರ್ಪಡಿಸಿಕೊಟ್ಟ ವರ್ಕ್‌ಶಾಪಿನವನೂ 1959ರ ಶಸ್ತ್ರಾಸ್ತ್ರ ಕಾಯ್ದೆಗೆ ಉತ್ತರ ಹೇಳಬೇಕಾಗುತ್ತದೆ.

ಗೆರೆಯೊಳಗೆ ಇದ್ದ ಮಾತ್ರಕ್ಕೆ ಅದು ಆಟಿಕೆಯಲ್ಲ. 4.5 ಮಿ.ಮೀ. ಪೆಲೆಟ್ ಮನುಷ್ಯನ ಚರ್ಮ ತೂರಲು ಸೆಕೆಂಡಿಗೆ ಸುಮಾರು 100 ಮೀಟರ್ ವೇಗ ಸಾಕು, ಅಂದರೆ ಮೂರು ಜೌಲ್‌ಗೂ ಕಡಿಮೆ. ಕಣ್ಣಿಗೆ ಅಷ್ಟೂ ಬೇಡ. ಸ್ಪರ್ಧೆಯ ಸೌಮ್ಯ ರೈಫಲ್ ಕೂಡ ಈ ಲೆಕ್ಕದಲ್ಲಿ ಬೇಕಾದ್ದರ ಎರಡೂವರೆ ಪಟ್ಟಿಗೂ ಹೆಚ್ಚು ಬಲದ್ದು. ಎಲೆಕ್ಟ್ರಾನಿಕ್ ಸಿಟಿಯ ಹನ್ನೆರಡನೇ ಮಹಡಿಯ ಬಾಲ್ಕನಿಯಿಂದ ಹಾರಿದ ಪೆಲೆಟ್ಟಿಗೆ ಕೆಳಗೆ ಯಾರಿದ್ದಾರೆ ಎಂದು ಕಾಣುವುದಿಲ್ಲ. ಗಿಳಿ, ಗೂಬೆ, ಕೋತಿಗಳತ್ತ ತಿರುಗಿಸಿದರೆ ಲೈಸೆನ್ಸಿನ ಪ್ರಶ್ನೆ ಪಕ್ಕಕ್ಕೆ ಸರಿದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎದುರಾಗುತ್ತದೆ. ಅದಕ್ಕೆ ಜೌಲ್ ಲೆಕ್ಕ ಬೇಕಿಲ್ಲ. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಜನ ತಾವಾಗಿ ಏರ್‌ಗನ್ ತಂದೊಪ್ಪಿಸುವ ಅಭಿಯಾನ ಶುರುವಾದದ್ದು ಹಕ್ಕಿಗಳ ಸಲುವಾಗಿಯೇ.