ಹಲ್ಲಿಗೆ ಅಂಟಿಕೊಂಡ ಗಾಜು

ಹುಳುಕು ಹಲ್ಲಿಗೆ ತುಂಬುವ ಬೆಳ್ಳಿಬಣ್ಣದ ಅಮಾಲ್ಗಂ ಬಲು ಗಟ್ಟಿ, ಆದರೆ ಹಲ್ಲಿಗೆ ಅಂಟುವುದಿಲ್ಲ. ತೂಕದಲ್ಲಿ ಸುಮಾರು ಅರ್ಧದಷ್ಟು ಪಾದರಸವೇ ಇರುವ ಈ ಮಿಶ್ರಲೋಹ ಕಳಚಿ ಬೀಳದಿರಬೇಕಾದರೆ ಕುಳಿಯ ಬಾಯಿ ಕಿರಿದಾಗಿ, ತಳ ಅಗಲವಾಗಿ ಇರುವಂತೆ ಕೊರೆಯಬೇಕು. ಹುಳುಕಿನ ಜೊತೆಗೆ ಒಳ್ಳೆಯ ಹಲ್ಲೂ ಒಂದಿಷ್ಟು ಹೋಗುತ್ತದೆ. ಮುಂದಿನ ಹಲ್ಲಿಗಂತೂ ಆ ಬಣ್ಣ ಒಪ್ಪದು.

ಅದಕ್ಕೆಂದು ಸಿಲಿಕೇಟ್ ಸಿಮೆಂಟ್ ಇತ್ತು. ಗಾಜಿನ ಪುಡಿಯನ್ನು ಫಾಸ್ಫರಿಕ್ ಆಮ್ಲದಲ್ಲಿ ಕಲಸಿ ಮಾಡುತ್ತಿದ್ದ ಅದು ನೋಡಲು ಹಲ್ಲಿನಂತೆಯೇ ಇದ್ದರೂ ಬಾಯಿಯೊಳಗೆ ಮೆಲ್ಲಗೆ ಕರಗುತ್ತಿತ್ತು, ಹಲ್ಲಿನ ತಿರುಳನ್ನು ಕೆರಳಿಸುತ್ತಿತ್ತು. ಆದರೂ ಅದರಲ್ಲೊಂದು ದೊಡ್ಡ ಗುಣವಿತ್ತು. ಗಾಜಿನಿಂದ ಫ್ಲೋರೈಡ್ ಒಸರುತ್ತಿದ್ದುದರಿಂದ ಅದರ ಅಂಚಿನಲ್ಲಿ ಮತ್ತೆ ಹುಳುಕು ಹಿಡಿಯುವುದು ಅಪರೂಪ.

ಲಂಡನ್ನಿನ ಸರ್ಕಾರಿ ರಸಾಯನ ಪ್ರಯೋಗಾಲಯದ ಆ್ಯಲನ್ ವಿಲ್ಸನ್ 1960ರ ದಶಕದಲ್ಲಿ ಕೈಗೆತ್ತಿಕೊಂಡಿದ್ದು ಇದೇ ಸಿಮೆಂಟನ್ನು. ಅವರು ದಂತವೈದ್ಯರಲ್ಲ, ರಸಾಯನಶಾಸ್ತ್ರಜ್ಞರು. ಹಾಗಾಗಿಯೇ ಇರಬೇಕು, ಇದ್ದವುಗಳಲ್ಲಿ ಯಾವುದು ಮೇಲು ಎಂದು ಕೇಳುವ ಬದಲು, ಇದು ಕೆಡುವುದೇಕೆ ಎಂದು ಬೇರಿಗೇ ಕೈಹಾಕಿದರು. ಫಾಸ್ಫರಿಕ್ ಆಮ್ಲದ ಜಾಗಕ್ಕೆ ಸಾವಯವ ಆಮ್ಲಗಳನ್ನು ತಂದು ನೋಡಿದರು. ಪಾಲಿಅಕ್ರಿಲಿಕ್ ಆಮ್ಲವನ್ನೂ ಬೆರೆಸಿದರು. ಬಳಸಲು ಬರುವಂಥದ್ದೇನೂ ಸಿಗಲಿಲ್ಲ.

ಇತ್ತ 1968ರಲ್ಲಿ ಡೆನಿಸ್ ಸ್ಮಿತ್ ಎಂಬ ಸಂಶೋಧಕರು ಅದೇ ಪಾಲಿಅಕ್ರಿಲಿಕ್ ಆಮ್ಲಕ್ಕೆ ಸತುವಿನ ಆಕ್ಸೈಡ್ ಬೆರೆಸಿದ ಸಿಮೆಂಟನ್ನು ಪ್ರಕಟಿಸಿದರು. ಅದು ಹಲ್ಲಿಗೆ ನಿಜಕ್ಕೂ ಅಂಟುತ್ತಿತ್ತು! ಆಮ್ಲದ ಉದ್ದನೆಯ ಅಣುವಿನಲ್ಲಿರುವ ಕಾರ್ಬಾಕ್ಸಿಲ್ ಗುಂಪುಗಳು ಹಲ್ಲಿನ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತವೆ. ಆದರೆ ಆ ಸಿಮೆಂಟಿಗೆ ಗಾಜಿನ ಹೊಳಪಿರಲಿಲ್ಲ.

ಹಾಗಾದರೆ ಗಾಜಿನ ಜೊತೆ ಆ ಆಮ್ಲ ಹೊಂದಿಕೊಳ್ಳದಿದ್ದುದೇಕೆ? ವಿಲ್ಸನ್ ಮತ್ತು ಅವರ ಸಹೋದ್ಯೋಗಿ ಬ್ರಯಾನ್ ಕೆಂಟ್ ಆಮ್ಲವನ್ನು ಬಿಟ್ಟು ಗಾಜನ್ನೇ ಬದಲಿಸಿದರು. ಪಾಲಿಅಕ್ರಿಲಿಕ್ ಸೌಮ್ಯ ಆಮ್ಲ. ಸಿಲಿಕೇಟ್ ಸಿಮೆಂಟಿನ ಗಾಜನ್ನು ಬೇಗ ಕರಗಿಸುವ ಕಸುವು ಅದಕ್ಕಿಲ್ಲ. ಗಾಜಿನಲ್ಲಿ ಸಿಲಿಕಾಗೆ ಹೋಲಿಸಿ ಅಲ್ಯುಮಿನಾ ಪ್ರಮಾಣ ಹೆಚ್ಚಿದಷ್ಟೂ ಅದು ಆಮ್ಲಕ್ಕೆ ಸುಲಭವಾಗಿ ಬಿಟ್ಟುಕೊಡುತ್ತದೆ, ಸಿಮೆಂಟು ಬೇಗ ಬಿಗಿಯುತ್ತದೆ. ಗುಟ್ಟು ಈ ಅನುಪಾತದಲ್ಲಿತ್ತು. 1969ರಲ್ಲಿ ಗ್ಲಾಸ್ ಅಯೊನೊಮರ್ ಸಿಮೆಂಟ್ ಹುಟ್ಟಿತು. ಅದರಲ್ಲಿ ಹಳೆಯ ಸಿಲಿಕೇಟಿನ ಫ್ಲೋರೈಡೂ ಇತ್ತು, ಸ್ಮಿತ್ ಸಿಮೆಂಟಿನ ಅಂಟೂ ಇತ್ತು.

ಮೊದಮೊದಲು ಅದು ಕಲಸುವವರನ್ನು ಕಾಡಿತು. ಕಲಸುತ್ತಿದ್ದಂತೆ ಗಡುಸಾಗುತ್ತಿತ್ತು, ಪೂರ್ತಿ ಗಟ್ಟಿಯಾಗಲು ಮಾತ್ರ ತಡಮಾಡುತ್ತಿತ್ತು. ವಿಲ್ಸನ್ ಮತ್ತು ಅದೇ ಪ್ರಯೋಗಾಲಯದ ಸ್ಟೀಫನ್ ಕ್ರಿಸ್ಪ್ ಕಂಡುಕೊಂಡ ಪರಿಹಾರ ಟಾರ್ಟಾರಿಕ್ ಆಮ್ಲ. ನಮ್ಮ ಹುಣಸೆಯ ಹುಳಿಗೆ ಮುಖ್ಯ ಕಾರಣವೂ ಅದೇ. ಗಾಜಿನಿಂದ ಹೊರಬರುವ ಅಲ್ಯುಮಿನಿಯಂ ಅನ್ನು ಅದು ಮೊದಲು ಹಿಡಿದಿಟ್ಟುಕೊಂಡು ವೈದ್ಯರ ಕೈಗೆ ಸಮಯ ಕೊಡುತ್ತದೆ. ಆಮೇಲೆ ಸಿಮೆಂಟು ಚುರುಕಾಗಿ ಗಟ್ಟಿಯಾಗುತ್ತದೆ. ಲಂಡನ್ನಿನ ದಂತವೈದ್ಯ ಜಾನ್ ಮೆಕ್ಲೀನ್ ಅದನ್ನು ಚಿಕಿತ್ಸೆಗೆ ಒಗ್ಗಿಸಿದರು.

ಈ ಸಿಮೆಂಟಿನ ಅತಿ ದೊಡ್ಡ ಉಪಯೋಗ ಶುರುವಾದದ್ದು 1980ರ ದಶಕದ ತಾಂಜಾನಿಯಾದಲ್ಲಿ ಎಂದೇ ನನ್ನ ನಂಬಿಕೆ. ದಂತವೈದ್ಯ ಯೋ ಫ್ರೆಂಕನ್ ಮತ್ತು ಸಂಗಡಿಗರು ಅಲ್ಲಿ ಡ್ರಿಲ್ಲಾಗಲಿ ಕರೆಂಟಾಗಲಿ ಇಲ್ಲದೆ, ಹುಳುಕಿನ ಮೆತ್ತನೆಯ ಭಾಗವನ್ನು ಕೈಉಪಕರಣದಿಂದ ಕೆರೆದು ತೆಗೆದು ಅಂಟುವ ಸಿಮೆಂಟು ತುಂಬುವ ಕ್ರಮವನ್ನು ರೂಪಿಸಿದರು. ಅಲ್ಲಿನ ಜನರಿಗೆ ಅದುವರೆಗೆ ಇದ್ದ ಚಿಕಿತ್ಸೆಯೆಂದರೆ ಬಹುಮಟ್ಟಿಗೆ ಹಲ್ಲು ಕೀಳುವುದೇ. 1994ರ ವಿಶ್ವ ಆರೋಗ್ಯ ದಿನದಂದು ವಿಶ್ವ ಆರೋಗ್ಯ ಸಂಸ್ಥೆ ಈ ಕ್ರಮವನ್ನು ಜಗತ್ತಿನ ಮುಂದಿಟ್ಟಿತು.

ಹಾಗೆಂದು ಎಲ್ಲ ಕುಳಿಗೂ ಇದನ್ನೇ ತುಂಬಲಾಗದು. ಹಾಲುಹಲ್ಲಿಗೆ, ವಸಡಿನಂಚಿನ ಸವೆತಕ್ಕೆ, ಒದ್ದೆ ಆರಿಸಲಾಗದ ಜಾಗಕ್ಕೆ ಇದು ತಕ್ಕದ್ದು. ಅಗಿಯುವ ಭಾರ ಹೊರುವ ದವಡೆ ಹಲ್ಲಿನ ದೊಡ್ಡ ಕುಳಿಯಲ್ಲಿ ಇದು ಒಡೆಯಬಹುದು. ಅಲ್ಲಿ ಕಾಂಪೋಸಿಟ್ ರೆಸಿನ್ ಮೇಲು. ಪಾದರಸದ ಬಳಕೆ ತಗ್ಗಿಸಲು 2013ರಲ್ಲಿ ಮಿನಮಾಟ ಒಪ್ಪಂದವಾದ ಮೇಲೆ ಅಮಾಲ್ಗಂ ಹಿಂದೆ ಸರಿಯುತ್ತಿದೆ. ದವಡೆ ಹಲ್ಲಿನ ಭಾರ ತಾಳುವಷ್ಟು ಗ್ಲಾಸ್ ಅಯೊನೊಮರನ್ನು ಬಲಪಡಿಸುವ ಕೆಲಸ ಇನ್ನೂ ಮುಗಿದಿಲ್ಲ.